ಬೇಲಿ ಹಾರಿದ ಹೂಗಿಡ, ಬೇಲಿಯಲ್ಲೇ ಇರುವ ಬದಲಿ

ಲಂಟಾನ ಈ ದೇಶಕ್ಕೆ ಬಂದದ್ದು ಹೂದೋಟದ ಗಿಡವಾಗಿ. ಅಮೆರಿಕ ಖಂಡದ ಬಿಸಿನಾಡುಗಳ ಈ ಪೊದೆ 17ನೇ ಶತಮಾನದಲ್ಲಿ ಹಾಲೆಂಡಿಗೆ ಹೋಯಿತು. ಯುರೋಪಿನ ಗಾಜಿನ ಮನೆಗಳಲ್ಲಿ ತೋಟಗಾರರು ಅದರ ಬೇರೆ ಬೇರೆ ಬಗೆಗಳನ್ನು ಬೆರೆಸಿ ನೂರಾರು ತಳಿ ಎಬ್ಬಿಸಿದರು. 19ನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದು ನೆಟ್ಟರು. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಮೂರೂ ಬಣ್ಣ. ದನ ಬಾಯಿ ಹಾಕುವುದಿಲ್ಲ, ನೀರು ಕೇಳುವುದಿಲ್ಲ, ಹೂವಿಗೆ ಕಾಲವೆಂಬುದಿಲ್ಲ. ಬಂಗಲೆಯ ಬೇಲಿಗೆ ಇದಕ್ಕಿಂತ ಒಳ್ಳೆಯ ಗಿಡ ಹುಡುಕಿದರೂ ಸಿಗುತ್ತಿರಲಿಲ್ಲ. ಎರಡು ಶತಮಾನ ಕಳೆದ ಮೇಲೆ, ಅದೇ ಗುಣಗಳಿಂದಾಗಿಯೇ, ಬಂಡೀಪುರ, ಬಿಳಿಗಿರಿರಂಗನಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳ ಎಷ್ಟೋ ಕಡೆ ಅದರ ಪೊದೆಯ ನಡುವೆ ಕಾಲಿಡಲು ಜಾಗವಿಲ್ಲ.

ಹೊರಗಿನಿಂದ ಬಂದ ಗಿಡಗಳೆಲ್ಲ ಹೀಗೆ ಮಾಡುವುದಿಲ್ಲ. ಸಸ್ಯಶಾಸ್ತ್ರಜ್ಞರು ಮೂರು ಹಂತ ಗುರುತಿಸುತ್ತಾರೆ. ಮನುಷ್ಯ ತಂದು ನೆಟ್ಟ ಗಿಡ ಮೊದಲನೆಯದು. ಯಾರ ಆರೈಕೆಯೂ ಇಲ್ಲದೆ ತಾನೇ ಬೀಜ ಬಿದ್ದು ಬೆಳೆಯತೊಡಗಿದರೆ ಅದು ನೆಲಕ್ಕೆ ಒಗ್ಗಿದ ಗಿಡ. ಒಗ್ಗಿದ್ದು ಸಾಲದೆ ಊರಿನ ಗಿಡಗಳನ್ನು ನೂಕಿ, ಅವುಗಳ ಜಾಗ, ಬೆಳಕು, ನೀರು ಕಸಿದುಕೊಂಡು ಹಬ್ಬಿದರೆ ಮಾತ್ರ ಅದು ಆಕ್ರಮಣಕಾರಿ. ಜೀವವೈವಿಧ್ಯದ ಬಗೆಗಿನ ಅಂತರಸರ್ಕಾರಿ ವೇದಿಕೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಮನುಷ್ಯರಿಂದಾಗಿ ಹೊಸ ನೆಲ ಸೇರಿ ನೆಲೆಯೂರಿದ ಜೀವಜಾತಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿ ಮಾಡುತ್ತಿರುವುದು ದೃಢಪಟ್ಟವು 3,500ಕ್ಕೂ ಹೆಚ್ಚು. ಗಿಡಗಳನ್ನಷ್ಟೇ ತೆಗೆದುಕೊಂಡರೆ ಪರಕೀಯ ಜಾತಿಗಳಲ್ಲಿ ಶೇ 6ರಷ್ಟು ಮಾತ್ರ ಆಕ್ರಮಣಕಾರಿ.

ಈ ಶೇ 6ರ ಲೆಕ್ಕ ಗುಂಡ್ಲುಪೇಟೆಯ ಹೊಲಗಳಲ್ಲಿ ಕಣ್ಣಿಗೇ ಕಾಣುತ್ತದೆ. ಊಟಿಗೂ ವಯನಾಡಿಗೂ ಹೋಗುವವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಚೆಂಡು ಹೂವು ಮೆಕ್ಸಿಕೊ ಕಡೆಯದು, ಸೂರ್ಯಕಾಂತಿ ಉತ್ತರ ಅಮೆರಿಕದ್ದು. ಎರಡೂ ಹೊಲ ದಾಟಿ ಬಂಡೀಪುರಕ್ಕೆ ನುಗ್ಗಿಲ್ಲ. ಕಾಂಪೌಂಡಿನ ಮೇಲೆ ಹಬ್ಬುವ ಬೋಗನ್‌ವಿಲ್ಲ ದಕ್ಷಿಣ ಅಮೆರಿಕದ್ದು. ಇಲ್ಲಿ ಅದು ಬೀಜ ಕಟ್ಟುವುದೇ ಅಪರೂಪ. ಶಿವನ ಗುಡಿಯ ಮುಂದೆ ಕೈಮುಗಿಸಿಕೊಳ್ಳುವ ನಾಗಲಿಂಗ ಪುಷ್ಪದ ಮರವೂ ಅದೇ ಖಂಡದ್ದು, ದೇವಕಣಗಿಲೆಯೂ ಅಮೆರಿಕದ ಕಡೆಯದೇ. ಇವನ್ನೆಲ್ಲ ಕಿತ್ತು ಹಾಕಬೇಕೆನ್ನುವುದು ಸಸ್ಯಶಾಸ್ತ್ರವಲ್ಲ, ಹಟ. ಅತ್ತ ನಮ್ಮ ಕಾವ್ಯಗಳಲ್ಲಿ ಮಾವಿನ ಮರವನ್ನು ಅಪ್ಪಿಕೊಂಡು ನಿಲ್ಲುವ ಮಾಧವಿ ಲತೆ ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳ ಕಾಡಿಗೆ ಪೀಡೆಯಾಗಿ, ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆಗೇ ಕುಳಿತಿದೆ. ಗಿಡದ ಹುಟ್ಟೂರು ಯಾವುದು ಎಂಬುದು ಅರ್ಧ ಪ್ರಶ್ನೆ. ಅದು ಬೀಜವನ್ನು ಹೇಗೆ ಕಳಿಸುತ್ತದೆ, ಕಳಿಸಿದಲ್ಲಿ ಅದನ್ನು ತಡೆಯುವ ಕೀಟ, ರೋಗ, ಪೈಪೋಟಿ ಇದೆಯೇ ಎಂಬುದು ಉಳಿದರ್ಧ.

ಚಾಮರಾಜನಗರ ಜಿಲ್ಲೆಗೆ ಈ ಪ್ರಶ್ನೆ ಬೇರೆಡೆಗಿಂತ ಹತ್ತಿರದ್ದು. 1997ರಲ್ಲಿ ಮೈಸೂರಿನಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಎರಡು ಹುಲಿ ಸಂರಕ್ಷಿತ ಪ್ರದೇಶಗಳಿವೆ. ಅವುಗಳ ಜೊತೆಗೆ ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಉಡಿಗಾಲದಂಥ ಊರು ಬಯಲು ಸೀಮೆ. ಅರಿಶಿನ, ಬಾಳೆ, ಜೋಳದ ಹೊಲಗಳ ನಡುವೆ ಕಾಡಿನ ನೆನಪೂ ಬರುವುದಿಲ್ಲ. ಆದರೆ ಲಂಟಾನದ ಕಪ್ಪು ಹಣ್ಣು ತಿನ್ನುವ ಪಿಕಳಾರ ಹಕ್ಕಿ ಕಾಡನ್ನು ಒಂದೇ ಹಾರಿಗೆ ಮುಟ್ಟಬೇಕಿಲ್ಲ. ಮನೆಯ ಹಿತ್ತಿಲಿನಿಂದ ಹೊಲದ ಬದು, ಬದುವಿನಿಂದ ಹಳ್ಳದ ದಡ, ಹಳ್ಳದಿಂದ ಗೋಮಾಳ, ಗೋಮಾಳದಿಂದ ಕಾಡಂಚು. ಒಂದೊಂದು ಬೇಲಿಯೂ ಮುಂದಿನ ಬೇಲಿಗೆ ಬೀಜ ಕೊಡುತ್ತದೆ.

ಕಾಡಿನಲ್ಲಿ ಏನಾಗಿದೆ ಎಂಬುದಕ್ಕೆ ಬಿಳಿಗಿರಿರಂಗನಬೆಟ್ಟದಲ್ಲಿ ಒಳ್ಳೆಯ ದಾಖಲೆ ಇದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅಲ್ಲಿನ ಕಾಡನ್ನು ಚೌಕಗಳಾಗಿ ವಿಂಗಡಿಸಿ, ಹನ್ನೊಂದು ವರ್ಷದ ಅಂತರದಲ್ಲಿ ಎರಡು ಸಲ ಲೆಕ್ಕ ಮಾಡಿದರು. 1997ರಲ್ಲಿ ಶೇ 41ರಷ್ಟು ಚೌಕಗಳಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಅದು ಶೇ 81. ಅಲ್ಲೇ ತಲೆಮಾರುಗಳಿಂದ ಬದುಕಿದ ಸೋಲಿಗರಿಗೆ ಇದಕ್ಕೆ ಅವರದೇ ವಿವರಣೆ ಇದೆ. ಬೇಸಿಗೆಯ ಮೊದಲಲ್ಲೇ ಒಣ ಎಲೆಗೆ ಹಾಕುತ್ತಿದ್ದ ಚಿಕ್ಕ ಬೆಂಕಿ, ಅವರು ತರಗು ಬೆಂಕಿ ಎನ್ನುವುದು, ನೆಲದ ಕಸ ಸುಟ್ಟು ಲಂಟಾನದ ಸಸಿಗಳನ್ನೂ ಸುಡುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು. 1974ರಲ್ಲಿ ಕಾಡು ವನ್ಯಧಾಮವಾದ ಮೇಲೆ ಆ ಬೆಂಕಿ ನಿಂತಿತು. ಈಗ ಪೊದೆ ಆಳೆತ್ತರ ಬೆಳೆದಿರುವುದರಿಂದ ಬೆಂಕಿ ಬಿದ್ದರೆ ಅದು ನೆಲದಲ್ಲಿ ನಿಲ್ಲುವುದಿಲ್ಲ. ಒಣ ಲಂಟಾನ ಹತ್ತಿ ಮರದ ತಲೆಗೇರುತ್ತದೆ. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಂಡೀಪುರ ಹೊತ್ತಿ ಉರಿದಾಗ ಆ ಬೆಂಕಿಗೆ ದಂಡಿಯಾಗಿ ಸಿಕ್ಕ ಸೌದೆ ಇದೇ. ತರಗು ಬೆಂಕಿಯನ್ನು ಮತ್ತೆ ಹಾಕಬೇಕೇ ಬೇಡವೇ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಸಣ್ಣ ಬೆಂಕಿ ತಪ್ಪಿಸಿದ್ದಕ್ಕೆ ದೊಡ್ಡ ಬೆಂಕಿ ಬಂತು ಎಂಬ ಸೋಲಿಗರ ಮಾತನ್ನು ಅಧಿಕಾರಿಗಳು ಕಿವಿಗೆ ಹಾಕಿಕೊಳ್ಳುವುದಕ್ಕೆ ಇಷ್ಟು ತಡವಾಗಬೇಕಿರಲಿಲ್ಲ.

ದೇಶದ ಮಟ್ಟದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಭಾರತದ ಹುಲಿ ಕಾಡುಗಳಲ್ಲಿ ಶೇ 40ಕ್ಕೂ ಹೆಚ್ಚು ಭಾಗವನ್ನು ಲಂಟಾನ ಆವರಿಸಿದೆ. ಜಿಂಕೆ, ಕಡವೆ, ಕಾಟಿಗೆ ಹುಲ್ಲು ಬೇಕು. ಲಂಟಾನದ ಅಡಿಯಲ್ಲಿ ಹುಲ್ಲು ಬರುವುದಿಲ್ಲ. ಬರಗಾಲದಲ್ಲಿ ಬೇರೆ ಮೇವಿಲ್ಲದೆ ದನ ಅದರ ಎಲೆ ತಿಂದರೆ ಪಿತ್ತಜನಕಾಂಗ ಕೆಡುತ್ತದೆ, ಕಾಮಾಲೆ ಬರುತ್ತದೆ, ಮೈಮೇಲಿನ ಬಿಳಿಯ ಭಾಗ ಬಿಸಿಲು ತಾಗಿ ಸುಟ್ಟಂತೆ ಸುಲಿಯುತ್ತದೆ.

ಲಂಟಾನವನ್ನು ಕೀಟ ಬಿಟ್ಟು ಹತೋಟಿಗೆ ತರುವ ಪ್ರಯತ್ನ 1921ರಿಂದಲೂ ನಡೆದಿದೆ. 1941ರಲ್ಲಿ ಆಸ್ಟ್ರೇಲಿಯದಿಂದ ಎಲೆ ಹೀರುವ ತಿಗಣೆಯೊಂದನ್ನೂ ತಂದರು. ಯಾವುದೂ ಫಲ ಕೊಡಲಿಲ್ಲ. ಇದೇ ಸೀಮೆಯ ಪಾಪಾಸುಕಳ್ಳಿಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕಾರಣ ತಿಳಿಯುತ್ತದೆ. ಕೋಟೆಗೂ ಹೊಲಕ್ಕೂ ಬೇಲಿಯಾಗಿದ್ದ ಪಾಪಾಸುಕಳ್ಳಿಯೂ ಅಮೆರಿಕದ್ದೇ. 1795ರಲ್ಲಿ ಕೆಂಬಣ್ಣ ತೆಗೆಯುವ ಆಸೆಯಿಂದ ಬ್ರೆಜಿಲ್‌ನಿಂದ ಒಂದು ಕೀಟ ತಂದರು. ತಂದದ್ದು ಬೇಕಾದ ಕೀಟವಲ್ಲ, ಅದರ ದಾಯಾದಿ. ಬಣ್ಣ ಬರಲಿಲ್ಲ, ಕಳ್ಳಿಯ ಒಂದು ಜಾತಿ ಮಾತ್ರ ನಾಶವಾಗುತ್ತ ಬಂತು. ಉಳಿದ ಇನ್ನೊಂದು ಜಾತಿಗೆ 1926ರಲ್ಲಿ ಸಿಂಹಳದಿಂದ ಬೇರೆ ಕೀಟ ತಂದು ಬಿಟ್ಟಾಗ ದಕ್ಷಿಣ ಭಾರತದ ಸಾವಿರಾರು ಎಕರೆ ಬಿಡುಗಡೆಯಾಯಿತು. ಕಳ್ಳಿ ಕಾಡಿನ ಮೂಲ ಜಾತಿಯಾಗಿಯೇ ಉಳಿದಿತ್ತು, ಅದರ ಶತ್ರುವಿಗೆ ಗುರುತು ಸಿಕ್ಕಿತು. ಲಂಟಾನ ಹಾಗಲ್ಲ. ತೋಟಗಾರರು ಬಣ್ಣಕ್ಕಾಗಿ ಬೆರೆಸಿ ಬೆರೆಸಿ ಮಾಡಿದ ಈ ಮಿಶ್ರ ಗಿಡವನ್ನು ಮೂಲ ನೆಲದ ಕೀಟಗಳೇ ಪೂರ್ತಿ ಒಪ್ಪುವುದಿಲ್ಲ. ಅಂದದ ಗಿಡವಾಗಿ ಮಾರಾಟವಾದದ್ದೇ ಅದನ್ನು ಹಿಡಿತಕ್ಕೆ ಸಿಗದಂತೆ ಮಾಡಿತು. ನರ್ಸರಿಗಳಲ್ಲಿ ಈಗ ಸಿಗುವ ಗಿಡ್ಡ ಜಾತಿಯ, ಒಂದೇ ಬಣ್ಣದ ಲಂಟಾನಗಳನ್ನು ಬೀಜ ಕಟ್ಟದವು ಎಂದು ಹೇಳಿ ಕೊಡುತ್ತಾರೆ. ಬೀಜ ಕಟ್ಟದಿದ್ದರೂ ಅವುಗಳ ಪರಾಗ ಕಾಡಿನ ಲಂಟಾನಕ್ಕೆ ಸೇರಬಲ್ಲದು. ಆ ಮಾತನ್ನು ನಂಬಿ ಕೊಳ್ಳದಿರುವುದೇ ಲೇಸು.

ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬೆತ್ತದಂತೆ ಬಗ್ಗಿಸಿ ಕುರ್ಚಿ, ಬುಟ್ಟಿ, ನಿಜ ಗಾತ್ರದ ಆನೆಗಳನ್ನೂ ಮಾಡುತ್ತಾರೆ. ಒಳ್ಳೆಯ ಕಸುಬು, ಒಳ್ಳೆಯ ದುಡಿಮೆ. ಆದರೆ ಕುರ್ಚಿಗೆ ಬೇಕಾಗುವುದು ಬಲಿತ ನೇರ ಕಡ್ಡಿ ಮಾತ್ರ. ಬೇರು, ಎಳೆ ಚಿಗುರು, ಹಣ್ಣು ಕಾಡಿನಲ್ಲೇ ಉಳಿಯುತ್ತವೆ. ಕರಕುಶಲದಿಂದ ಕಾಡು ಖಾಲಿಯಾಗುತ್ತದೆ ಎಂದು ಲೆಕ್ಕ ಹಾಕುವಂತಿಲ್ಲ.

ಲಂಟಾನ ಹಳೆಯ ಪಾಠ. ಅದೇ ಪಾಠ ಈಗ ಹಳದಿ ಹೂವಿನ ಮರವೊಂದರ ರೂಪದಲ್ಲಿ ಮತ್ತೆ ಬಂದಿದೆ. ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಈ ಮರವೂ ಅಮೆರಿಕ ಖಂಡದ್ದು. ನೆರಳಿಗೂ ಅಂದಕ್ಕೂ ಎಂದು 1980ರ ದಶಕದಲ್ಲಿ ವಯನಾಡಿನಲ್ಲಿ ನೆಟ್ಟದ್ದು ಅಲ್ಲಿನ ವನ್ಯಧಾಮವನ್ನು ತುಂಬಿ, ಗಡಿಯಾಚೆ ಮುದುಮಲೆಗೂ ಗಡಿಯೀಚೆ ಬಂಡೀಪುರ, ನಾಗರಹೊಳೆಗೂ ಇಳಿದಿದೆ. ಕಡಿದರೆ ಬುಡದಿಂದ ಹತ್ತಾರು ಚಿಗುರು ಹೊಡೆಯುತ್ತದೆ. ತಮಿಳುನಾಡು 2022ರಲ್ಲಿ ಆಕ್ರಮಣಕಾರಿ ಸಸ್ಯಗಳ ಬಗ್ಗೆ ಪ್ರತ್ಯೇಕ ನೀತಿಯನ್ನೇ ತಂದು, ಈ ಮರಗಳನ್ನು ಕಡಿದು ಕಾಗದದ ಕಾರ್ಖಾನೆಗೆ ಕಳಿಸುತ್ತಿದೆ.

ಈ ಮರ ಇಷ್ಟು ಸಲೀಸಾಗಿ ಒಳಬರಲು ಒಂದು ಕಾರಣ ಅದು ನಮ್ಮ ಕಕ್ಕೆಯಂತೆ ಕಾಣುವುದು. ಗುರುತು ಹಿಡಿಯುವುದು ಕಷ್ಟವಲ್ಲ. ಕಕ್ಕೆಯ ಹೂ ಮೊಳದುದ್ದದ ಮಾಲೆಯಾಗಿ ಕೆಳಕ್ಕೆ ಜೋತುಬೀಳುತ್ತದೆ. ಸೆನ್ನಾದ ಹೂ ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ಗುಪ್ಪೆಗಟ್ಟುತ್ತದೆ. ಕಕ್ಕೆಯ ಒಂದು ಎಲೆಕಡ್ಡಿಯಲ್ಲಿ ನಾಲ್ಕರಿಂದ ಎಂಟು ಜೊತೆ ಅಗಲವಾದ ಎಲೆ. ಸೆನ್ನಾದಲ್ಲಿ ಹತ್ತು ಹದಿನೈದು ಜೊತೆ ಕಿರಿದಾದ ಎಲೆ. ಕಕ್ಕೆಯ ಕಾಯಿ ಕಪ್ಪು ಕೋಲಿನಂತೆ ಒಂದೂವರೆ ಅಡಿಯವರೆಗೂ ಬೆಳೆಯುತ್ತದೆ, ಒಳಗೆ ಅಂಟು ತಿರುಳಿನ ಬಿಲ್ಲೆಗಳಿರುತ್ತವೆ, ಸೆನ್ನಾದ್ದು ಗಿಡ್ಡ. ಏಪ್ರಿಲ್–ಮೇ ತಿಂಗಳಲ್ಲಿ ಎಲೆಯೆಲ್ಲ ಉದುರಿ ಬರಿಯ ಹಳದಿಯಾಗಿ ನಿಂತಿದ್ದರೆ ಅದು ಕಕ್ಕೆಯೇ. ಶಾಲೆಯ ಅಂಗಳಕ್ಕೆ, ಲೇಔಟಿನ ಪಾರ್ಕಿಗೆ ಹಳದಿ ಹೂವಿನ ಮರ ಬೇಕೆಂದವರಿಗೆ ಬದಲಿ ಎಂದು ಬೇರೆ ಹುಡುಕಬೇಕಿಲ್ಲ. ನಕಲನ್ನು ಬಿಟ್ಟು ಅಸಲನ್ನು ನೆಟ್ಟರೆ ಆಯಿತು.

ಮನೆಯಂಗಳ, ಶಾಲೆ, ಕಚೇರಿ, ಹೋಂಸ್ಟೇಗಳಲ್ಲಿ ಕಾಣುವ ಉಳಿದ ಗಿಡಗಳ ತಪ್ಪು ಒಂದೇ ತೂಕದ್ದಲ್ಲ. ಹುಲ್ಲುಹಾಸಿನ ಬದಲು ನೆಡುವ, ಹಳದಿ ಡೈಸಿಯಂಥ ಹೂವಿನ ವೆಡೀಲಿಯ ಬಳ್ಳಿಯ ತುಂಡು ಬಿದ್ದಲ್ಲೆಲ್ಲ ಬೇರು ಬಿಡುತ್ತದೆ. ನೀರಿನ ಕಾಲುವೆ ಸಿಕ್ಕರಂತೂ ನಿಲ್ಲಿಸುವವರಿಲ್ಲ. ಕುಂಡದಲ್ಲಿಟ್ಟು ಸಾಕಿ, ಬೇಸರವಾದಾಗ ಕೆರೆಗೆ ಎಸೆಯುವ ನೇರಳೆ ಹೂವಿನ ಅಂತರಗಂಗೆ ಏನು ಮಾಡುತ್ತದೆ ಎಂಬುದನ್ನು ಹಳೆ ಮೈಸೂರಿನ ಯಾವ ಕೆರೆ ನೋಡಿದರೂ ತಿಳಿಯುತ್ತದೆ. ಕೆರೆದಂಡೆಯಲ್ಲಿ ತಿಳಿ ಗುಲಾಬಿ ಕಹಳೆಯಂತೆ ಅರಳುವ ಐಪೋಮಿಯ ಪೊದೆಯೂ ಅಂದಕ್ಕೆಂದು ಬಂದದ್ದೇ. ಶಾಲೆಗಳ ಗೇಟಿನ ಬಳಿ ಇರುವ ಹಳದಿ ಗಂಟೆಹೂವಿನ ಟೆಕೋಮ ಕಾಗದದಷ್ಟು ಹಗುರ ಬೀಜಗಳನ್ನು ಗಾಳಿಗೆ ಬಿಡುತ್ತದೆ. ಒಣಸೀಮೆ ಅದಕ್ಕೆ ಒಗ್ಗುತ್ತದೆ. ಬೇಲಿಗೆ ಕತ್ತರಿಸಿ ಬೆಳೆಸುವ ಡುರಾಂಟದ ಹಳದಿ ಹಣ್ಣನ್ನು ಹಕ್ಕಿಗಳು ಒಯ್ಯುತ್ತವೆ, ಮಕ್ಕಳು ತಿಂದರೆ ವಿಷ. ಆಫ್ರಿಕದ ನೀರುಕಾಯಿ ಮರ ಮಲೆನಾಡಿನಂಥ ತೇವದ ಕಡೆ ದೊಡ್ಡ ಪೀಡೆ, ಈ ಬಯಲಿನಲ್ಲಿ ಅಷ್ಟಿಲ್ಲ. ಆದರೂ ಅದರ ಹೂವಿನೊಳಗೆ ಮುಜಂಟಿ ಜೇನು ಸತ್ತು ಬೀಳುವುದನ್ನು ಬ್ರೆಜಿಲ್‌ನ ಸಂಶೋಧಕರು ದಾಖಲಿಸಿದ್ದಾರೆ. ಹೊಸದಾಗಿ ನೆಡುವವರು ಬಿಡುವುದೇ ಮೇಲು.

ಬದಲಿ ಹುಡುಕುವಾಗ ನರ್ಸರಿಯ ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಗಿಡ ಮಾಡಬೇಕಾದ ಕೆಲಸ. ಲಂಟಾನ ಅಲ್ಲಿ ಇರುವುದು ಬೇಲಿಗೋ ಬಣ್ಣಕ್ಕೋ? ವೆಡೀಲಿಯ ಇರುವುದು ಧೂಳು ತಡೆಯಲೋ ಹಸಿರಿಗೋ? ಅದು ಗೊತ್ತಾದರೆ ಈ ನೆಲದ್ದೇ ಗಿಡ ಸಿಗುತ್ತದೆ. ಈ ನೆಲವೆಂದರೆ ಕೆಂಪು ಮಣ್ಣು, ನಡುನಡುವೆ ಎರೆ. ಮಳೆ ಕಡಿಮೆ, ಅದೂ ಮುಂಗಾರಿಗಿಂತ ಮೊದಲು ಒಂದಿಷ್ಟು, ಹಿಂಗಾರಿನಲ್ಲಿ ಒಂದಿಷ್ಟು. ಮಲೆನಾಡಿನ ಕಾಡುಗಿಡವನ್ನು ದೇಶೀ ಎಂಬ ಒಂದೇ ಕಾರಣಕ್ಕೆ ತಂದು ಇಲ್ಲಿ ನೆಟ್ಟರೆ ಅದು ಬೇಸಿಗೆ ದಾಟುವುದಿಲ್ಲ.

ಬೇಲಿಯ ಕೆಲಸಕ್ಕೆ ಹೆಚ್ಚು ನಂಬಬಹುದಾದದ್ದು ಲಕ್ಕಿ. ಕಡ್ಡಿ ನೆಟ್ಟರೆ ಚಿಗುರುತ್ತದೆ, ಎಷ್ಟು ಕತ್ತರಿಸಿದರೂ ಮತ್ತೆ ಬರುತ್ತದೆ, ತಿಳಿ ನೀಲಿ ಹೂವಿಗೆ ಜೇನು ಮುತ್ತುತ್ತದೆ, ಎಲೆಯ ಕಟುವಾಸನೆಗೆ ಮೇಕೆ ಹತ್ತಿರ ಬರುವುದಿಲ್ಲ. ಒಣಗಿದ ಎಲೆಯನ್ನು ಕಾಳಿನ ಮಡಕೆಗೆ ಹಾಕಿ ಹುಳು ತಡೆಯುವ ರೂಢಿಯೂ ಇದೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಅಪವಾದವಾದ ಆಡುಸೋಗೆ ಅರೆನೆರಳಿನ ಕಡೆ ಒಳ್ಳೆಯ ಬೇಲಿ. ಡುರಾಂಟದಂತೆ ಅಚ್ಚುಕಟ್ಟಾಗಿ ಕತ್ತರಿಸಿದ ಹಸಿರು ಗೋಡೆ ಬೇಕೆಂದರೆ ಬಂದರಿಕೆ; ಅದರ ರೆಕ್ಕೆಯುಳ್ಳ ಕಾಯಿಗಳು ಬಲಿಯುತ್ತ ಕೆಂಪಾಗಿ ಹೂವಿನಂತೆಯೇ ಕಾಣುತ್ತವೆ. ಕಾಡುಹಂದಿ, ದನ ನುಗ್ಗುವ ಕಡೆ ಮುಳ್ಳು ಬೇಕೆಂದರೆ ಕವಳೆ. ಮಲ್ಲಿಗೆಯಂಥ ಬಿಳಿ ಹೂ, ಮಳೆಗಾಲದಲ್ಲಿ ಹಣ್ಣು, ಉಪ್ಪಿನಕಾಯಿಗೆ ಕಾಯಿ, ಜೊತೆಗೆ ಕೈ ಹಾಕಿದವನು ಮತ್ತೆ ಹಾಕದಷ್ಟು ಮುಳ್ಳು. ಆನೆಯನ್ನು ಮಾತ್ರ ಇದಾವುದೂ ತಡೆಯುವುದಿಲ್ಲ, ಲಂಟಾನವೂ ತಡೆಯುತ್ತಿರಲಿಲ್ಲ.

ಬಣ್ಣಕ್ಕೆ ಮೊದಲ ಹೆಸರು ತಂಗಡಿ. ಆವರಿಕೆ ಎಂದೂ ಕರೆಯುವ ಈ ಗಿಡ ಚಾಮರಾಜನಗರದ ಸುತ್ತಲಿನ ಹೊಲದ ಬದು, ರಸ್ತೆಯಂಚು, ಕಲ್ಲುಭೂಮಿಯಲ್ಲಿ ತಾನೇ ಬೆಳೆದಿರುತ್ತದೆ. ಎದೆಮಟ್ಟದ ಪೊದೆ, ವರ್ಷದ ಬಹುಭಾಗ ಹಳದಿ ಹೂ, ಬೇರು ಆಳ. ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು, ಸೊಪ್ಪನ್ನು ಗದ್ದೆಗೆ ಗೊಬ್ಬರವಾಗಿ ತುಳಿಯುತ್ತಿದ್ದರು. ಟೆಕೋಮ ಮಾಡುವ ಕೆಲಸವನ್ನೆಲ್ಲ ತಂಗಡಿ ನೀರಿಲ್ಲದೆ ಮಾಡುತ್ತದೆ. ಆದರೂ ಟೆಕೋಮಕ್ಕೆ ಹಣ ಕೊಟ್ಟು, ತಂಗಡಿಯನ್ನು ಕಳೆ ಎಂದು ಕೀಳಿಸುವುದು ನಡೆದೇ ಇದೆ. ತೆಲಂಗಾಣ ಇದೇ ಹೂವನ್ನು ರಾಜ್ಯ ಹೂವಾಗಿ ಮಾಡಿಕೊಂಡಿದೆ, ಬತುಕಮ್ಮ ಹಬ್ಬದಲ್ಲಿ ಜೋಡಿಸುವ ಮುಖ್ಯ ಹೂಗಳಲ್ಲಿ ಇದೂ ಒಂದು. ಕೇರಳದ ರಾಜ್ಯ ಹೂವು ಕಕ್ಕೆ, ತಮಿಳುನಾಡಿನದು ಅಗ್ನಿಶಿಖೆ, ಕರ್ನಾಟಕದ್ದು ತಾವರೆ. ನಾಲ್ಕು ರಾಜ್ಯಗಳ ಕಿರೀಟದ ಹೂಗಳು ಈ ಒಂದು ಜಿಲ್ಲೆಯ ಬೇಲಿ, ಬೆಟ್ಟ, ಕೆರೆಗಳಲ್ಲಿ ಬೆಳೆಯುತ್ತವೆ, ಅವುಗಳಲ್ಲಿ ಮೂರನ್ನು ಇಲ್ಲಿನ ಹೂದೋಟದಲ್ಲಿ ಕಾಣುವುದು ಅಪರೂಪ.

ಅಗ್ನಿಶಿಖೆ ಮಳೆ ಬಿದ್ದ ಮೇಲೆ ಗಡ್ಡೆಯಿಂದ ಎದ್ದು, ಎಲೆಯ ತುದಿಯನ್ನೇ ಸುರುಳಿ ಮಾಡಿ ಪಕ್ಕದ ಗಿಡವನ್ನು ಹಿಡಿದು ಏರುತ್ತದೆ. ಕೆಂಪು-ಹಳದಿ ಎಸಳುಗಳು ಮೇಲಕ್ಕೆ ಮಡಚಿಕೊಂಡಿರುತ್ತವೆ. ಗಡ್ಡೆ ಮಾರಕ ವಿಷವಾದ್ದರಿಂದ ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ಅಂಥ ಮನೆಗೆ ಕನಕಾಂಬರ ಸಾಕು. ಮುಡಿಯುವ ಹೂವೆಂದು ಮಾತ್ರ ಎಲ್ಲರಿಗೂ ಗೊತ್ತಿರುವ ಇದು ದಕ್ಷಿಣ ಭಾರತ, ಸಿಂಹಳಗಳದ್ದೇ ಗಿಡ. ಮರದ ನೆರಳಿನಲ್ಲೂ ಅರಳುತ್ತದೆ. ಬಿಸಿಲಿನ ಕಡೆ ಮುಳ್ಳುಗೋರಂಟಿ, ನೀರು ಹಾಕಬಲ್ಲ ಕಡೆ ಕೇಪಳ, ಗೋಡೆಗೆ ಹಬ್ಬಿಸಲು ಕಾಡುಮಲ್ಲಿಗೆ ಅಥವಾ ಅಮೃತಬಳ್ಳಿ. ಮಾಧವಿ ಲತೆಗೆ ಇದು ಅದರ ಮನೆಯೇ ಆದ್ದರಿಂದ ಇಲ್ಲಿ ಭಯವಿಲ್ಲ.

ನೆಲಹಾಸಿಗೆ ಗರಿಕೆಗಿಂತ ಗಟ್ಟಿಯಾದದ್ದಿಲ್ಲ. ಬಚ್ಚಲ ನೀರು ಹರಿಯುವ ತೇವದ ಜಾಗವಿದ್ದರೆ ಒಂದೆಲಗ, ಅದು ತಂಬುಳಿಗೂ ಆಯಿತು. ಹೋಂಸ್ಟೇಗಳು ರಸ್ತೆಬದಿಗೆ ನೆಡುವ ಗರಿಯಂಥ ಕಾರಂಜಿ ಹುಲ್ಲಿನ ಬದಲು ಲಾವಂಚ ನೆಟ್ಟರೆ ಮಣ್ಣೂ ನಿಲ್ಲುತ್ತದೆ. ಅಂಗಳದ ನೀರಿನ ತೊಟ್ಟಿಗೆ ನೈದಿಲೆ, ಜಾಗ ದೊಡ್ಡದಿದ್ದರೆ ತಾವರೆ. ಮರಗಳಲ್ಲಿ ಹೊಂಗೆ, ಮುತ್ತುಗ, ಬೂರುಗಗಳನ್ನು ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ. ಶಾಲೆಯ ಅಂಗಳಕ್ಕಾದರೆ ಮುಂದೆ ಹತ್ತಿ ಹಾರಾಡುವ ಬೂರುಗಕ್ಕಿಂತ ಹೊಂಗೆ ಒಳ್ಳೆಯದು.

ಲಂಟಾನ ತೆಗೆಯಬೇಕೆಂದಾಗ ಬರುವ ಮೊದಲ ಆಕ್ಷೇಪ ಚಿಟ್ಟೆಯದು. ಲಂಟಾನಕ್ಕೆ ಚಿಟ್ಟೆ ಮುತ್ತುವುದು ನಿಜ. ಆದರೆ ಅಲ್ಲಿ ಅವು ಮಕರಂದ ಕುಡಿಯುತ್ತವೆ, ಮೊಟ್ಟೆ ಇಡುವುದಿಲ್ಲ. ಕಂಬಳಿಹುಳುವಿಗೆ ಎಲೆ ಬೇಕು, ಅದೂ ಸಿಕ್ಕ ಎಲೆಯಲ್ಲ, ತನ್ನ ಜಾತಿಗೆ ಗೊತ್ತಿರುವ ಎಲೆ. ಕಕ್ಕೆ, ತಂಗಡಿಗಳ ಮೇಲೆ ತಿಳಿ ಹಳದಿ ವಲಸೆ ಚಿಟ್ಟೆಗಳು, ಎಕ್ಕದ ಮೇಲೆ ಕಿತ್ತಳೆ ಬಣ್ಣದ ಹುಲಿಚಿಟ್ಟೆ, ಕರಿಬೇವಿನ ಮೇಲೆ ಕಪ್ಪು ಬಾಲದ ಚಿಟ್ಟೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿಯ ಕುಟುಂಬವೇ ಆಗಬೇಕು. ಇಲ್ಲೊಂದು ಎಚ್ಚರ ಬೇಕು. ಬಾತುಕೋಳಿಯಂಥ ವಿಚಿತ್ರ ಹೂವಿಗಾಗಿ ನರ್ಸರಿಗಳು ಮಾರುವ ಅಮೆರಿಕದ ಅರಿಸ್ಟೊಲೋಕಿಯ ಬಳ್ಳಿ ಈಶ್ವರಿ ಬಳ್ಳಿಯ ದಾಯಾದಿ. ಆಸ್ಟ್ರೇಲಿಯದ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಇಂಥ ತೋಟದ ಬಳ್ಳಿಯ ವಾಸನೆಗೆ ಮೋಸಹೋಗಿ ಮೊಟ್ಟೆ ಇಟ್ಟು, ಹುಳುಗಳೆಲ್ಲ ಎಲೆಯ ವಿಷಕ್ಕೆ ಸತ್ತು, ಸಂತತಿಯೇ ಕುಸಿಯುವುದಕ್ಕೆ ಅದೂ ಒಂದು ಕಾರಣವಾಯಿತು.

ಸಸಿ ಎಲ್ಲಿ ಸಿಗುತ್ತದೆ ಎಂಬಲ್ಲಿ ವ್ಯವಹಾರ ಎಡವುತ್ತದೆ. ರಸ್ತೆಬದಿಯ ನರ್ಸರಿಯವರು ಕೇಳಿದ ಗಿಡ ತರಿಸುತ್ತಾರೆ. ತಂಗಡಿಯನ್ನೋ ಲಕ್ಕಿಯನ್ನೋ ಯಾರೂ ಕೇಳುವುದಿಲ್ಲ, ಆದ್ದರಿಂದ ಇಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಹೊಂಗೆ, ನೇರಳೆ, ಬೇವಿನಂಥ ಮರದ ಸಸಿಗಳು ರಿಯಾಯಿತಿ ದರದಲ್ಲಿ ಸಿಗುತ್ತವೆ, ರೈತರಿಗೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಹಣವೂ ಉಂಟು. ಪೊದೆ, ಬಳ್ಳಿಗಳಿಗೆ ಅಲ್ಲಿ ಜಾಗ ಕಡಿಮೆ. ಆದರೆ ಅವುಗಳಿಗೆ ನರ್ಸರಿಯ ಹಂಗೂ ಬೇಕಿಲ್ಲ. ಲಕ್ಕಿ, ಆಡುಸೋಗೆ ಕಡ್ಡಿಯಿಂದ ಬರುತ್ತವೆ. ತಂಗಡಿ, ಕಕ್ಕೆಗಳ ಬೀಜದ ಸಿಪ್ಪೆ ಗಟ್ಟಿ. ಒರಟು ಕಲ್ಲಿನ ಮೇಲೆ ಉಜ್ಜಿ ಅಥವಾ ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿ ಬಿತ್ತಬೇಕು. ಬೀಜ, ಕಡ್ಡಿಗಳನ್ನು ಊರಿನ ಬೇಲಿ, ಬದುಗಳಿಂದಲೇ ತರಬೇಕು. ಬಂಡೀಪುರ, ಬಿಳಿಗಿರಿರಂಗನಬೆಟ್ಟದೊಳಗಿನಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ.

ಕಾನೂನು ಈಗಷ್ಟೇ ಕಣ್ಣು ತೆರೆದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಆಕ್ರಮಣಕಾರಿ ಪರಕೀಯ ಜಾತಿಗಳ ಆಮದು, ಮಾರಾಟ, ಹರಡುವಿಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಅಧಿಕಾರವಿರುವುದು ಒಂದು, ನರ್ಸರಿಯ ಕಪಾಟಿನಿಂದ ಗಿಡ ಇಳಿಯುವುದು ಇನ್ನೊಂದು. ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲೇ ಹೆಚ್ಚಿನ ಅಧಿಕಾರ.

ತೆಗೆಯುವುದಕ್ಕೆ ಒಂದು ಕ್ರಮವಿದೆ. ಲಂಟಾನವನ್ನು ಮಚ್ಚಿನಿಂದ ಬುಡಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರು ಬರುತ್ತದೆ. ಬೆಂಕಿ ಹಾಕಿದರೂ ಬಲಿತ ಬೇರು ಸಾಯುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಸುಲಭವಾಗಿದೆ: ನೆಲದ ಮಟ್ಟಕ್ಕಿಂತ ಎರಡು ಮೂರು ಇಂಚು ಕೆಳಗೆ, ಚಿಗುರು ಹೊಡೆಯುವ ಗಂಟಿನಡಿ, ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸಿ, ಪೊದೆಯನ್ನು ಬೇರು ಮೇಲಾಗಿ ತಲೆಕೆಳಗೆ ನಿಲ್ಲಿಸಿ ಒಣಗಲು ಬಿಡುವುದು. ಹಣ್ಣು ಕಪ್ಪಾಗುವ ಮೊದಲೇ ಈ ಕೆಲಸ ಆಗಬೇಕು. ಸೆನ್ನಾದ ಸಸಿಯಾದರೆ ಬೇರುಸಹಿತ ಕೀಳಬಹುದು. ಮರವಾಗಿದ್ದರೆ ಬುಡದ ಸುತ್ತ ಮೊಳದಗಲ ತೊಗಟೆಯನ್ನು ಒಂದು ನೂಲೂ ಉಳಿಯದಂತೆ ಸುಲಿದು, ಕೆಳಗೆ ಬರುವ ಚಿಗುರನ್ನು ತಿಂಗಳುಗಟ್ಟಲೆ ಮುರಿಯುತ್ತಿರಬೇಕು. ವೆಡೀಲಿಯದ ಒಂದು ಗೆಣ್ಣೂ ಮಣ್ಣಿನಲ್ಲಿ ಉಳಿಯಬಾರದು. ಕಿತ್ತದ್ದನ್ನು ಗೊಬ್ಬರದ ಗುಂಡಿಗೋ ತಿಪ್ಪೆಗೋ ಹಾಕದೆ ಬಿಸಿಲಿಗೆ ಹರಡಿ ಗರಿಗರಿಯಾಗಿ ಒಣಗಿಸಬೇಕು. ಕಿತ್ತ ಲಂಟಾನವನ್ನು ಹಳ್ಳಕ್ಕೋ ಕೆರೆಯಂಗಳಕ್ಕೋ ಎಸೆದರೆ ತೆಗೆದ ಕೆಲಸವೆಲ್ಲ ನೀರಿನ ಜೊತೆ ಮುಂದಿನ ಊರಿಗೆ ಹೋಗುತ್ತದೆ.

ಖಾಲಿ ಬಿಟ್ಟ ಜಾಗಕ್ಕೆ ಲಂಟಾನವೇ ಮತ್ತೆ ಬರುತ್ತದೆ, ಇಲ್ಲವೆ ಕಾಂಗ್ರೆಸ್ ಗಿಡ ಬರುತ್ತದೆ. ಬಂಡೀಪುರದ ಅಂಚಿನಲ್ಲಿ ಲಂಟಾನ ತೆಗೆಸಿದವರು ಕಂಡುಕೊಂಡದ್ದೂ ಇದನ್ನೇ. ತೆಗೆದ ಬೆನ್ನಿಗೇ ಸ್ಥಳೀಯ ಹುಲ್ಲಿನ ಬೀಜ ಚೆಲ್ಲಿದ ಕಡೆ ಮಾತ್ರ ಕಾಡು ಚೇತರಿಸಿಕೊಂಡಿದೆ. ಮನೆಯ ಬೇಲಿಗೂ ಇದೇ ಲೆಕ್ಕ. ಬೇಸಿಗೆಯಲ್ಲಿ ಹಳೆಯದನ್ನು ತೆಗೆದು ಗುಂಡಿ ಬಿಸಿಲಿಗೆ ಬಿಟ್ಟು, ಭರಣಿ, ಕೃತ್ತಿಕೆ ಮಳೆಗಳು ಹದ ಮಾಡಿದ ಮೇಲೆ ರೋಹಿಣಿಯ ಹೊತ್ತಿಗೆ ಸಸಿ, ಕಡ್ಡಿ ನೆಡುವುದು ಒಂದು ಕ್ರಮ. ನೀರಿನ ಅನುಕೂಲ ಇಲ್ಲದವರಿಗೆ ಹಸ್ತ, ಚಿತ್ತೆ ಮಳೆಯ ಹೊತ್ತಿನಲ್ಲಿ ನೆಡುವುದು ಹೆಚ್ಚು ಭದ್ರ, ಏಕೆಂದರೆ ಮುಂದೆ ಚಳಿಗಾಲವಿರುತ್ತದೆ. ಮೊದಲ ಬೇಸಿಗೆಗೆ ವಾರಕ್ಕೊಮ್ಮೆ ಕೊಡ ನೀರು, ಬುಡಕ್ಕೆ ಒಣ ಎಲೆಯ ಹೊದಿಕೆ. ಎರಡನೆಯ ಮಳೆಗಾಲ ದಾಟಿದ ತಂಗಡಿ, ಲಕ್ಕಿಗಳು ಆಮೇಲೆ ನೀರು ಕೇಳುವುದಿಲ್ಲ. ಮಣ್ಣಿನಲ್ಲಿ ಉಳಿದ ಲಂಟಾನದ ಬೀಜ ಕೆಲವು ವರ್ಷ ಪ್ರತಿ ಮಳೆಗೂ ಮೊಳೆಯುತ್ತಲೇ ಇರುತ್ತದೆ. ಬೆರಳುದ್ದವಿದ್ದಾಗಲೇ, ಮಣ್ಣು ಹಸಿಯಾಗಿರುವಾಗ, ಬರಿಗೈಯಲ್ಲಿ ಎಳೆದರೆ ಬೇರು ಸಮೇತ ಬರುತ್ತದೆ.